ಅಗ್ಗಾರ್ಥಿ

ವಿದ್ಯೆಯನ್ನು ಬಯಸುವವನು ವಿದ್ಯಾರ್ಥಿ, ಮೋಕ್ಷವನ್ನು ಬಯಸುವವನು ಮೋಕ್ಷಾರ್ಥಿ ಎಂದಾದ ಮೇಲೆ, ಹಳೆಯ ನಾಣ್ಯವನ್ನು ಅದು ಬಾಳುವ ಬೆಲೆಗಿಂತ ಕಡಿಮೆಗೆ ಬಯಸುವವನನ್ನು ಅಗ್ಗಾರ್ಥಿ ಎನ್ನಲು ಅಡ್ಡಿಯಿಲ್ಲ. ಕನ್ನಡದ ಅಗ್ಗಕ್ಕೆ ಸಂಸ್ಕೃತದ ಅರ್ಥಿಯನ್ನು ಗಂಟುಹಾಕಿದ ಈ ಪದ ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದಾದರೂ, ಜೋಡಿ ತಪ್ಪಿದ ಸಾಮಾನಿಗೆ ಬೆಲೆ ಇಳಿಯುತ್ತದೆಂಬುದನ್ನು ಬಲ್ಲ ಅಗ್ಗಾರ್ಥಿಗೆ ಈ ಹೆಸರಿನ ಬಗ್ಗೆ ತಕರಾರೇನೂ ಇರಲಾರದು. ಬೆಂಗಳೂರಿನಲ್ಲಿ ಈತ ಹೆಚ್ಚಾಗಿ ನಿವೃತ್ತ ಮೇಷ್ಟರ ಅಥವಾ ನಿವೃತ್ತಿಯ ಅಂಚಿನ ಗುಮಾಸ್ತರ ರೂಪದಲ್ಲಿ ಕಾಣಸಿಗುತ್ತಾನೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಭೂತಗನ್ನಡಿಯೂ, ಕೈಯಲ್ಲಿ ತರಕಾರಿಗೆಂದು ಮನೆಯಲ್ಲಿ ಕೊಟ್ಟ ಚೀಲವೂ ಇರುತ್ತವೆ.

ಅಗ್ಗದ ಪರಾಕಾಷ್ಠೆಯೆಂದರೆ ಮುಖಬೆಲೆ, ಅಂದರೆ ನಾಣ್ಯದ ಮೇಲೆ ಅಚ್ಚಾಗಿರುವ ಬೆಲೆಯೇ ಆದ್ದರಿಂದ, ಅಗ್ಗಾರ್ಥಿಯ ಮೊದಲ ಬೇಟೆ ಹಾಲಿನ ಬೂತಿನಲ್ಲೂ ಬಸ್ಸಿನಲ್ಲೂ ಸಿಗುವ ಚಿಲ್ಲರೆಯಲ್ಲಿ ನಡೆಯುತ್ತದೆ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ನಾಣ್ಯ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ನಾಣ್ಯ ಅಚ್ಚಾಗುವ ಕಾರ್ಖಾನೆಗೆ ಟಂಕಸಾಲೆಯೆಂದೂ ಈ ಚಿಹ್ನೆಗೆ ಟಂಕಸಾಲೆಯ ಗುರುತೆಂದೂ ಹೆಸರು. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯಿಂದ ಬಂದದ್ದೆಂದು ತಿಳಿದು, ಆ ದಿನ ಅಗ್ಗಾರ್ಥಿ ಇಳಿಯಬೇಕಾದ ನಿಲ್ದಾಣದಲ್ಲಿ ಇಳಿಯುವುದನ್ನೇ ಮರೆಯುತ್ತಾನೆ. ಊರೆಲ್ಲ ಚಿಲ್ಲರೆಯನ್ನು ತೊಲಗಿಸಲು ಹೆಣಗುವಾಗ ಈತನೊಬ್ಬ ನೂರರ ನೋಟು ಚಾಚಿ ಬಾಕಿಯನ್ನು ನಾಣ್ಯದಲ್ಲೇ ಕೇಳುವುದರಿಂದ ಕಂಡಕ್ಟರುಗಳಿಗೆ ಈತನ ಮೇಲೆ ಗುಮಾನಿ. ಫೋನಿನಲ್ಲೇ ಹಣ ಕಳಿಸುವ ಪದ್ಧತಿ ಬಂದ ಮೇಲಂತೂ ಈ ಬೇಟೆಗಾಡು ಬರಡಾಗಿದ್ದು, ದೇಶದ ಪ್ರಗತಿಯನ್ನು ಮನಸಾರೆ ಶಪಿಸುವ ಕೆಲವೇ ನಾಗರಿಕರಲ್ಲಿ ಅಗ್ಗಾರ್ಥಿಯೂ ಸೇರಿದ್ದಾನೆ.

ಎರಡನೆಯ ಕ್ಷೇತ್ರ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಆಸುಪಾಸಿನ ಭಾನುವಾರದ ಬಜಾರು. ಇಲ್ಲಿ ತುಕ್ಕು ಹಿಡಿದ ಬೀಗ, ಕಿವಿ ಮುರಿದ ಕನ್ನಡಕ, ಒಂಟಿ ಚಪ್ಪಲಿಗಳ ನಡುವೆ ತಟ್ಟೆಯೊಂದರಲ್ಲಿ ನಾಣ್ಯಗಳ ಗುಡ್ಡೆ ಇರುತ್ತದೆ: 1943ರಿಂದ 1947ರವರೆಗೆ ಬಂದ, ನಡುವೆ ದೊಡ್ಡ ತೂತಿರುವ ಕಂಚಿನ ಕಾಸುಗಳು, 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಯಾದಾಗ ಹುಟ್ಟಿ 1964ರಲ್ಲಿ ‘ನಯಾ’ ಎಂಬ ವಿಶೇಷಣವನ್ನು ಕಳೆದುಕೊಂಡ ಪೈಸೆಗಳು, ಅಂಚು ಅಲೆಯಲೆಯಾದ ಅಲ್ಯೂಮಿನಿಯಂ ಹತ್ತು ಪೈಸೆಗಳು. ಈ ಗುಡ್ಡೆಯತ್ತ ನೇರವಾಗಿ ನೋಡುವುದು ಅಗ್ಗಾರ್ಥಿಶಾಸ್ತ್ರದಲ್ಲಿ ಮಹಾಪರಾಧ, ಏಕೆಂದರೆ ಕೊಳ್ಳುವವನ ಆಸೆ ಕಣ್ಣಿನಲ್ಲಿ ಕಂಡಷ್ಟೂ ಮಾರುವವನ ಬೆಲೆ ನಾಲಿಗೆಯ ಮೇಲೆ ಏರುತ್ತದೆ. ಆದ್ದರಿಂದ ಆತ ಮೊದಲು ಹಿತ್ತಾಳೆಯ ಅಡಕೊತ್ತೊಂದನ್ನು ಎತ್ತಿ, ಅದನ್ನು ತೆರೆದು ಮುಚ್ಚಿ, ಅದರ ಹರಿತದ ಬಗ್ಗೆ ಎರಡು ಮಾತಾಡಿ, ಅದರ ಬೆಲೆ ಚೌಕಾಸಿ ಮಾಡಿ, ಆಮೇಲೆ ಬಂದದ್ದಕ್ಕೆ ಸುಮ್ಮನೆ ಹೋಗಬಾರದೆಂಬಂತೆ ಎಡಗೈಯಲ್ಲಿ ಗುಡ್ಡೆಯನ್ನು ಕೆದಕುತ್ತಾನೆ. ಕೈಗೆ ಸಿಕ್ಕದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಒಂದು ಬದಿಯಲ್ಲಿ ಆನೆ, ಅದರ ಮೇಲೆ ‘ಶ್ರೀ’, ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ, ಜೊತೆಗೆ ಕಂಪನಿ ದೊರೆಗಳಿಗೂ ಅರ್ಥವಾಗಲೆಂಬಂತೆ ಇಂಗ್ಲಿಷಿನಲ್ಲಿ ಅದರ ಮೌಲ್ಯ. ಎದೆ ಡವಗುಟ್ಟುತ್ತಿದ್ದರೂ ಮುಖದಲ್ಲಿ ಆಕಳಿಕೆ ತಂದುಕೊಂಡು ಅಗ್ಗಾರ್ಥಿ ಕೇಳುತ್ತಾನೆ: “ಈ ಕಪ್ಪು ಬಿಲ್ಲೆ ಏನಪ್ಪಾ, ಅಡಕೊತ್ತಿನ ಜೊತೆಗೆ ಹಾಗೇ ಹಾಕ್ತೀಯಾ?” ವ್ಯಾಪಾರಿ ತಲೆಯೆತ್ತದೆ ಉತ್ತರಿಸುತ್ತಾನೆ: “ಅಡಕೊತ್ತನ್ನೇ ಹಾಗೇ ತಗೊಂಡ್ಹೋಗಿ ಸಾರ್, ಆನೆ ಕಾಸು ಮಾತ್ರ ಎಂಟ್ನೂರು.” ಎಲೆಯಡಿಕೆ ಹಾಕುವವರು ಒಬ್ಬರೂ ಇಲ್ಲದ ಅಗ್ಗಾರ್ಥಿಯ ಮನೆಯಲ್ಲಿ ಈವರೆಗೆ ಏಳು ಅಡಕೊತ್ತುಗಳು ಸಂಗ್ರಹವಾಗಿರುವುದಕ್ಕೆ ಕಾರಣ ಇದು.

ನಿಜ ಹೇಳಬೇಕೆಂದರೆ, ಅಗ್ಗ ಎಂಬುದು ಸ್ಥಳದ ಗುಣವಲ್ಲ, ತಿಳಿವಳಿಕೆಯ ಅಂತರ. ಮಾರುವವನಿಗೆ ತಿಳಿಯದ್ದು ಕೊಳ್ಳುವವನಿಗೆ ತಿಳಿದಿದ್ದರೆ ಒಂದು ಬಗೆಯ ಅಗ್ಗ, ಅದೇ ತಿರುವುಮುರುವಾದರೆ ಇನ್ನೊಂದು ಬಗೆಯದು. ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಒಂದು ಬದಿಯಲ್ಲೂ ರಾಮ, ಸೀತೆ, ಲಕ್ಷ್ಮಣ, ಹನುಮಂತರನ್ನು ಇನ್ನೊಂದು ಬದಿಯಲ್ಲೂ ಹೊತ್ತ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿರಲಿಲ್ಲ. ಆದರೂ ಅವು ‘ಅಪರೂಪದ ದೇವರ ನಾಣ್ಯ’ಗಳಾಗಿ ಬಿಕರಿಯಾಗುತ್ತಲೇ ಇವೆ, ಅಕ್ಕಿಕಾಳನ್ನು ತನ್ನತ್ತ ಸೆಳೆಯುತ್ತದೆಂಬ ತಾಮ್ರದ ನಾಣ್ಯದ ಹೆಸರಿನಲ್ಲಿ ಮನೆ ಮಾರಿಕೊಂಡವರೂ ಇದ್ದಾರೆ. ವಿರಳವೆಂದು ಹೆಸರಾದ 1939ರ ಬೆಳ್ಳಿ ರೂಪಾಯಿ ಅಗ್ಗದಲ್ಲಿ ಸಿಕ್ಕಿತೆಂದರೆ, 1938ರ ಎಂಟನ್ನು ಯಾರೋ ಚೆನ್ನಾಗಿ ಅರೆದು ಒಂಬತ್ತು ಮಾಡಿದ್ದಾರೆಂದೇ ಬಗೆಯುವುದು ಕ್ಷೇಮ. ಹಳೆಯ ನಾಣ್ಯ ಕೊಳ್ಳುವ ಮಾರುವ ಆಮಿಷಗಳಲ್ಲಿ ತನ್ನ ಹೆಸರು ದುರುಪಯೋಗವಾಗುತ್ತಿದೆಯೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು.

ಚಿನಿವಾರರ ಅಂಗಡಿ ಇದಕ್ಕಿಂತ ನೆಮ್ಮದಿಯ ತಾಣ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ರೂಪಾಯಿಗೆ ಸಂಗ್ರಾಹಕರಲ್ಲಿ ಮರ್ಯಾದೆಯಿಲ್ಲದ ಕಾರಣ ಅದು ಬರೀ ಬೆಳ್ಳಿಯ ತೂಕಕ್ಕೆ ಸಿಗುತ್ತದೆ, 11.66 ಗ್ರಾಂ ತೂಗುವ ರೂಪಾಯಿಯಲ್ಲಿ 1940ಕ್ಕೆ ಮುಂಚೆ ಬೆಳ್ಳಿ ನೂರಕ್ಕೆ ತೊಂಬತ್ತೊಂದರ ಮೇಲೆ, ಆಮೇಲೆ ಅರ್ಧಕ್ಕರ್ಧ, 1947ರದರಲ್ಲಿ ಬೆಳ್ಳಿಯೇ ಇಲ್ಲದೆ ನಿಕ್ಕಲ್ ಎಂಬುದನ್ನು ಬಲ್ಲವನಿಗೆ ಇಲ್ಲಿ ಮೋಸವಿಲ್ಲ. ಬೆಂಗಳೂರಿನ ಶಿಕ್ಷಕರ ಸದನದಂಥ ಸಭಾಂಗಣಗಳಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಅಗ್ಗಾರ್ಥಿ ಮೊದಲ ದಿನ ನೋಡಲಿಕ್ಕೂ, ಕೊನೆಯ ದಿನ ಸಂಜೆ ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತಿಗೆ ಕೊಳ್ಳಲಿಕ್ಕೂ ಹೋಗುತ್ತಾನೆ. ಹರಾಜಿಗೆ ಮಾತ್ರ ಹೋಗುವುದಿಲ್ಲ. ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ನೂ ತೆರಿಗೆಯೂ ಸೇರಿ ಬರುವ ಬಿಲ್ಲನ್ನು ಒಮ್ಮೆ ಕಂಡ ಮೇಲೆ ಹರಾಜು ಆತನ ಮಟ್ಟಿಗೆ ಬೇರೆ ದೇಶ.

ಕಾನೂನಿಗೂ ಅಗ್ಗಾರ್ಥಿಗೂ ಸಂಬಂಧ ಸೂಕ್ಷ್ಮವಾದದ್ದು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತುವಾಗುವುದರಿಂದ ಅದನ್ನು ಅಮೆರಿಕದ ಅಳಿಯನ ಪೆಟ್ಟಿಗೆಯಲ್ಲಿಟ್ಟು ಕಳಿಸುವಂತಿಲ್ಲ. ಹೊಲ ಉಳುವಾಗ ಸಿಕ್ಕಿದ ವರಹದ ಗಡಿಗೆ ಎಲ್ಲಕ್ಕಿಂತ ಅಗ್ಗವೆಂದು ತೋರಿದರೂ, 1878ರ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ ನಿಧಿಯ ವಿಷಯವನ್ನು ಕಲೆಕ್ಟರಿಗೆ ತಿಳಿಸಬೇಕೆನ್ನುತ್ತದೆ. ಇಲ್ಲಿ ಕಲೆಕ್ಟರ್ ಎಂದರೆ ಜಿಲ್ಲೆಯ ಅಧಿಕಾರಿಯೇ ಹೊರತು ತಾನಲ್ಲವೆಂಬುದು ಅಗ್ಗಾರ್ಥಿಯ ಬಹುಕಾಲದ ಕೊರಗು.

ಇಷ್ಟೆಲ್ಲ ಕ್ಷೇತ್ರಗಳನ್ನು ಸುತ್ತಿದರೂ ಆತನ ಮನಸ್ಸು ನೆಟ್ಟಿರುವುದು ಪಕ್ಕದ ಮನೆಯ ವರಮಹಾಲಕ್ಷ್ಮಿ ಕಲಶದಲ್ಲಿ. ಹೆಂಡತಿ ಅಲ್ಲಿ ಅರಿಸಿನ ಕುಂಕುಮ ತೆಗೆದುಕೊಳ್ಳುವಾಗ ಈತ ಭಕ್ತಿಯಿಂದ ಬಗ್ಗಿ ನೋಡುವುದು ದೇವಿಯನ್ನಲ್ಲ, ದೇವಿಯ ಮುಂದಿನ ತಟ್ಟೆಯಲ್ಲಿರುವ ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು. ಮುಂದೆ ಹಲವು ವರ್ಷ ಅದೇ ಇಸವಿಯನ್ನು ಹೊತ್ತೇ ಈ ರೂಪಾಯಿ ಅಚ್ಚಾಗುತ್ತಿದ್ದುದರಿಂದ, ಹಿಂಬದಿಯ ಸಣ್ಣ ಚುಕ್ಕೆಗಳನ್ನು ಎಣಿಸಿ ಅದರ ಜಾತಿಯನ್ನು ನಿರ್ಣಯಿಸಬೇಕು. ಮೇಲಾಗಿ ದಶಕಗಳ ಗಾಳಿಗೆ ಬೆಳ್ಳಿಯ ಮೇಲೆ ತಾನಾಗಿ ಕೂತ ಮಾಸಲು ಬಣ್ಣವೇ ಅದರ ಬೆಲೆಯ ಮುಕ್ಕಾಲು ಪಾಲು. ಕಳೆದ ಶ್ರಾವಣದಲ್ಲಿ ಎರಡು ಚುಕ್ಕೆಯವರೆಗೆ ಎಣಿಸಿ ಕುಂಕುಮದಡಿ ಉಳಿದವು ಕಾಣದೆ ಹಿಂದಿರುಗಿದ್ದ ಅಗ್ಗಾರ್ಥಿ, ಈ ಸಲ ಭೂತಗನ್ನಡಿಯ ಜೊತೆಗೆ ಒಂದು ಪ್ರಸ್ತಾಪವನ್ನೂ ಜೇಬಿನಲ್ಲಿಟ್ಟುಕೊಂಡು ಹೋದಾಗ, ಆ ಮನೆಯಾಕೆ ಪಳಪಳ ಹೊಳೆಯುವ ರೂಪಾಯಿಯನ್ನು ತಾವಾಗಿಯೇ ಆತನ ಅಂಗೈಗಿಟ್ಟರು: “ಹೋದ ವರ್ಷ ನೀವು ಕಷ್ಟಪಟ್ಟು ನೋಡ್ತಿದ್ರಿ ಅಂಕಲ್, ಅದಕ್ಕೇ ವಿಭೂತಿ ಹಾಕಿ ಒಂದು ಗಂಟೆ ತಿಕ್ಕಿದೀನಿ. ಆ ಚುಕ್ಕೆ ಚುಕ್ಕೆ ಕೊಳೆ ಕೂಡ ಹೋಯ್ತು, ನೋಡಿ.”