ಹಿಮಕುಟೀರಪ್ರವೇಶಮೀಮಾಂಸೆ

ಗೃಹಪ್ರವೇಶವೆಂಬ ಕರ್ಮವನ್ನು ಕುರಿತು ನಮ್ಮ ಪೂರ್ವಿಕರು ಬರೆದಿಟ್ಟ ಗ್ರಂಥಗಳು ಎಷ್ಟಿದ್ದರೂ, ಒಳಗೆ ಕಾಲಿಟ್ಟವರು ಮೂರುನಾಲ್ಕು ತಿಂಗಳು ಸೂರ್ಯದರ್ಶನವೇ ಇಲ್ಲದೆ ಕೂರಬೇಕಾದ ಪ್ರದೇಶದಲ್ಲಿ, ಬಾಗಿಲ ಮುಂದೆ ಕರುವಿನೊಡನೆ ಹಸು ನಿಲ್ಲಬೇಕಾದ ಜಾಗದಲ್ಲಿ ಮರಿಯೊಡನೆ ಬಿಳಿಯ ಕರಡಿ ನಿಂತಿರುವಾಗ, ಹಾಲುಕ್ಕಿಸುವುದಕ್ಕೆ ಮೊದಲು ಹಾಲನ್ನು ಕೊಡಲಿಯಿಂದ ಒಡೆಯಬೇಕಾದ ಪ್ರಸಂಗದಲ್ಲಿ, ಆ ಕರ್ಮವನ್ನು ಹೇಗೆ ನೆರವೇರಿಸತಕ್ಕದ್ದೆಂಬ ವಿಷಯದಲ್ಲಿ ಅವರೆಲ್ಲರೂ ಏಕಕಂಠದಿಂದ ಮೌನ ವಹಿಸಿದ್ದಾರೆ. ಈ ಲೋಪವನ್ನು ತುಂಬುವುದಕ್ಕಾಗಿಯೇ ಪ್ರಸ್ತುತ ಪ್ರಬಂಧವು ಹೊರಟಿದೆ. ಪ್ರಬಂಧಕಾರನಿಗೆ ಈ ವಿಷಯದಲ್ಲಿ ಪ್ರತ್ಯಕ್ಷಾನುಭವವುಂಟೇ ಎಂದು ಕೇಳುವ ಅಲ್ಪಶ್ರುತರಿಗೆ, ಶಬ್ದಪ್ರಮಾಣವು ಹೇರಳವಾಗಿರುವಲ್ಲಿ ಪ್ರತ್ಯಕ್ಷದ ಗೊಡವೆಯೇಕೆ ಎಂಬುದೇ ಉತ್ತರ. ಆದರೂ ಮಾಘಮಾಸದ ಒಂದು ಬೆಳಗಿನ ಜಾವ, ಸೌದೆ ಹಸಿಯಾಗಿ ಬಚ್ಚಲೊಲೆ ಹೊತ್ತದಿರಲು ತಣ್ಣೀರಿನಲ್ಲೇ ಮಿಂದು ಮೂರು ದಿನ ಹಾಸಿಗೆ ಹಿಡಿದದ್ದುಂಟೆಂಬುದನ್ನು ಯೋಗ್ಯತಾಪತ್ರದ ಸ್ಥಾನದಲ್ಲಿ ಸವಿನಯವಾಗಿ ನಿವೇದಿಸುತ್ತೇನೆ.

ಶಾಸ್ತ್ರಗ್ರಂಥವೆಂದಮೇಲೆ ಇದನ್ನು ಓದಲು ಯಾರು ಅಧಿಕಾರಿಗಳೆಂಬುದನ್ನು ಮೊದಲೇ ಹೇಳಬೇಕು. ನಾರ್ವೆಯ ಉತ್ತರಕ್ಕೆ, ಧ್ರುವಕ್ಕೆ ಹೋಗುವ ಅರ್ಧದಾರಿಯಲ್ಲಿ, ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. 1920ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಾದ ಒಡಂಬಡಿಕೆಯು ಅದರ ಒಡೆತನವನ್ನು ನಾರ್ವೆಗೆ ಕೊಟ್ಟಿತಾದರೂ, ರುಜು ಹಾಕಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ಸಮಾನವಾದ ಪ್ರವೇಶವುಂಟೆಂದು ವಿಧಿಸಿತು. ಅಂದಿನ ಇಂಡಿಯಾದ ಪರವಾಗಿಯೂ ರುಜು ಬಿದ್ದಿರುವುದರಿಂದ ಕನ್ನಡಿಗನು ನಿಸ್ಸಂದೇಹವಾಗಿ ಅಧಿಕಾರಿ. ಹಳೆಯ ಮೈಸೂರು ಸಂಸ್ಥಾನದವರಿಗೂ ಈ ರುಜು ಅನ್ವಯಿಸುವುದೇ ಎಂಬ ಸೂಕ್ಷ್ಮಪ್ರಶ್ನೆಯನ್ನು, ಕೇಳುವವರು ಯಾರೂ ಇಲ್ಲವಾದ್ದರಿಂದ, ಕೈಬಿಟ್ಟಿದ್ದೇನೆ. ಆ ದ್ವೀಪಕ್ಕೆ ವೀಸಾ ಬೇಡ. ಆದರೆ ದಾರಿಯಲ್ಲಿ ಸಿಕ್ಕುವ ನಾರ್ವೆಗೆ ಬೇಕು. ಮೋಕ್ಷಕ್ಕೆ ತಡೆಯಿಲ್ಲ, ಅದರ ಹಾದಿಯಲ್ಲಿರುವ ಸಂಸಾರದ್ದೇ ತಾಪತ್ರಯವೆಂದು ವೇದಾಂತಿಗಳು ಹೇಳುವುದೂ ಇದನ್ನೇ ಇರಬೇಕು.

ಇನ್ನು ಅಲ್ಲಿ ಕುಟೀರವಾಸ ಹೂಡಿ ಸಂಶೋಧನೆ ನಡೆಸುವುದರ ಪ್ರಯೋಜನ. ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಆಕಾಶದಲ್ಲಿ ಉಪಗ್ರಹಗಳು ಹಗಲಿರುಳೂ ಸುತ್ತುತ್ತಿರಲಾಗಿ, ಮನುಷ್ಯನೊಬ್ಬನು ಹಲಗೆಯ ಗುಡಿಸಲಿನಲ್ಲಿ ಮೂಗು ಹೆಪ್ಪುಗಟ್ಟಿಸಿಕೊಂಡು ಕೂತು ಅಳೆಯತಕ್ಕದ್ದೇನಿದೆ ಎಂದು ಆಕ್ಷೇಪಿಸುತ್ತಾನೆ. ಸಮಾಧಾನ: ಉಪಗ್ರಹದ ಕಣ್ಣುಗಳಲ್ಲಿ ಬಿಸಿಲಿನ ಬೆಳಕನ್ನೇ ನೆಚ್ಚಿದವು ಧ್ರುವರಾತ್ರಿಯಲ್ಲಿ ಕುರುಡು, ಮೋಡವನ್ನು ಮೇಲಿನಿಂದ ಕಂಡದ್ದಕ್ಕೂ ಕೆಳಗಿನಿಂದ ಕಂಡದ್ದಕ್ಕೂ ತಾಳೆ ನೋಡುವವನೊಬ್ಬನು ನೆಲದ ಮೇಲೆ ಬೇಕು, ವಿದ್ವಾಂಸರು ವಾಡಿಕೆಯಾಗಿ ಬೇಸಗೆಯಲ್ಲಿ ಬಂದು ಚಳಿಗೆ ಮೊದಲೇ ಊರು ಸೇರುವುದರಿಂದ ಚಳಿಗಾಲದ ಪುಟಗಳೇ ದಫ್ತರದಲ್ಲಿ ಖಾಲಿ. ಆ ಪುಟಗಳಾದರೋ ಮುಖ್ಯವಾದವು. ಬಿಳಿಯ ಹಿಮವು ಬಿಸಿಲನ್ನು ಬಂದ ಹಾಗೆಯೇ ಹಿಂದಕ್ಕೆ ಕಳಿಸುತ್ತದೆ. ಅದು ಕರಗಿದ ಕಡೆ ಕಪ್ಪು ನೀರು ಬಿಸಿಲನ್ನು ನುಂಗಿ, ನುಂಗಿದ್ದನ್ನು ಚಳಿಗಾಲದಲ್ಲಿ ಗಾಳಿಗೆ ಉಗುಳುತ್ತದೆ. ಈ ಕಾರಣ ಮತ್ತು ಇಂಥವೇ ಬೇರೆ ಕೆಲವು ಕಾರಣಗಳಿಂದ 1979ರಿಂದೀಚೆಗೆ ಉತ್ತರ ಧ್ರುವಪ್ರಾಂತವು ಭೂಮಂಡಲದ ಸರಾಸರಿಗಿಂತ ಹೆಚ್ಚುಕಡಮೆ ನಾಲ್ಕುಪಟ್ಟು ವೇಗವಾಗಿ ಬೆಚ್ಚಗಾಗುತ್ತಿದೆಯೆಂದು ಲೆಕ್ಕ. ನಮ್ಮ ದೇಶವೂ 2008ರಲ್ಲಿ ಸ್ವಾಲ್ಬಾರ್ಡಿನ ನ್ಯೂ ಓಲೆಸುಂಡ್ ಎಂಬಲ್ಲಿ 'ಹಿಮಾದ್ರಿ' ಎಂಬ ಸಂಶೋಧನಾ ಕೇಂದ್ರವನ್ನು ತೆರೆದು, ಹದಿನೈದು ವರ್ಷ ಬಿಸಿಲುಗಾಲದ ಬಿಡಾರವಾಗಿ ನಡೆಸಿ, 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡವನ್ನು ಕಳಿಸಿತು. ಆ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ರೇಡಿಯೊ ಗಲಭೆ ಕಡಮೆಯಿರುವ ಎಡೆಯನ್ನು ಅರಸಿ ಅವರು ಹೋದದ್ದು. ವೈಫೈಯನ್ನೂ ಬ್ಲೂಟೂತನ್ನೂ ನಿಷೇಧಿಸಿರುವ ಊರು ಅದು. ಬೆಂಗಳೂರಿನವನೊಬ್ಬನು ನೆಟ್‌ವರ್ಕ್ ಇಲ್ಲದ ಜಾಗವನ್ನು ಹುಡುಕಿಕೊಂಡು ಭೂಮಿಯ ತುದಿಗೆ ಹೋದನೆಂಬ ಈ ವೃತ್ತಾಂತವನ್ನು ಮುಂದಿನ ತಲೆಮಾರು ಪುರಾಣವೆಂದೇ ಭಾವಿಸೀತು. ಇರಲಿ, ಬೆಚ್ಚನೆಯ ಕೊಠಡಿಗಳುಳ್ಳ ಹಿಮಾದ್ರಿಯು ಕುಟೀರವಲ್ಲ, ಬಂಗಲೆ, ಆದಕಾರಣ ಪ್ರಕೃತ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಕುಟೀರಲಕ್ಷಣಕ್ಕೆ ಶುದ್ಧವಾದ ಉದಾಹರಣೆ ಸ್ವಾಲ್ಬಾರ್ಡಿನ ಬಾಮ್ಸೆಬು ಎಂಬ ಗುಡಿಸಲು. ಬಿಳಿ ತಿಮಿಂಗಿಲಗಳನ್ನು ಬೇಟೆಯಾಡುವವರಿಗಾಗಿ 1930ರಲ್ಲಿ ಕಟ್ಟಿದ್ದು, ವಿಸ್ತೀರ್ಣ ಸುಮಾರು 20 ಚದರ ಮೀಟರು, ಎಂದರೆ ನಮ್ಮ ಕಡೆಯ ಅನುಕೂಲಸ್ಥರ ಮನೆಯ ನಡುವಿನಂಕಣದಷ್ಟು, ನಲ್ಲಿಯಿಲ್ಲ, ವಿದ್ಯುತ್ತಿಲ್ಲ, ಅಂಗಳದಲ್ಲಿ ರಂಗೋಲಿಯಿರಬೇಕಾದಲ್ಲಿ ತಿಮಿಂಗಿಲಗಳ ಎಲುಬುರಾಶಿ, ಲಾಂಗ್‌ಇಯರ್‌ಬೈನ್ ಪಟ್ಟಣದಿಂದ ಸುಮಾರು 140 ಕಿಲೋಮೀಟರು. 2019ರಲ್ಲಿ ಹಿಲ್ಡೆ ಫೋಲುನ್ ಸ್ಟ್ರೋಮ್, ಸುನ್ನಿವಾ ಸೋರ್ಬಿ ಎಂಬ ಇಬ್ಬರು ಮಹಿಳೆಯರು, ಒಂದು ನಾಯಿಯೊಡನೆ, ಮೋಡಗಳ ಚಿತ್ರ, ಸಮುದ್ರಜಲದ ಮಾದರಿ, ಧ್ರುವಪ್ರಭೆಯ ದಾಖಲೆ ಮುಂತಾದವನ್ನು ಸಂಗ್ರಹಿಸಿ ಬೇರೆಬೇರೆ ಸಂಸ್ಥೆಗಳಿಗೆ ಕೊಡುವ ಸಂಕಲ್ಪದಿಂದ ಅಲ್ಲಿ ಸಂಸಾರ ಹೂಡಿದರು. ಒಂಬತ್ತು ತಿಂಗಳೆಂದು ಹೋದವರನ್ನು ಕರೆತರಬೇಕಾದ ಹಡಗು, ಕೋವಿಡ್ ದೆಸೆಯಿಂದ ಗೊತ್ತಾದ ಕಾಲಕ್ಕೆ ಬರಲಿಲ್ಲ. ಲೋಕದವರೆಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕೂತು ಕಂಗಾಲಾಗಿದ್ದ ಆ ಕಾಲದಲ್ಲಿ, ಈ ವಿದ್ಯೆಯಲ್ಲಿ ಪೂರ್ವಾಭ್ಯಾಸವಿದ್ದವರು ಬಹುಶಃ ಅವರಿಬ್ಬರೇ.

ಇನ್ನು ಶಾಸ್ತ್ರದ ಹೃದಯಭಾಗ. ಮೀಮಾಂಸಕರು ಯಾವುದೇ ಕರ್ಮದಲ್ಲಿ ಪ್ರಧಾನವಾವುದು, ಅಂಗವಾವುದು ಎಂದು ವಿಚಾರಿಸುತ್ತಾರೆ. ಹಿಮಕುಟೀರವಾಸದಲ್ಲಿ ಉಷ್ಣಮಾಪಕವನ್ನು ನೋಡಿ ಬರೆಯುವುದು ಪ್ರಧಾನ, ಒಲೆಯುರಿಸುವುದು ಅದಕ್ಕೆ ಅಂಗ ಎಂಬುದು ಹಣ ಕೊಡುವ ಸಂಸ್ಥೆಗಳ ಮತ. ಆದರೆ ದಿನಚರಿಯನ್ನು ತೂಗಿ ನೋಡಿದರೆ ಬೇರೆಯೇ ಕಾಣುತ್ತದೆ. ಹೊಸ ಹಿಮವಾದರೆ ಹೆಚ್ಚುಕಡಮೆ ಹತ್ತು ಕೊಡ ಕರಗಿಸಿದರೆ ಒಂದು ಕೊಡ ನೀರು. ಆ ಹತ್ತು ಕೊಡವನ್ನು ಹೊತ್ತು ತರಬೇಕು, ತರುವಾಗ ಕೋವಿಯೂ ಹೆಗಲಲ್ಲಿರಬೇಕು. ಕರಗಿಸಲು ಸೌದೆ ಬೇಕು, ಸೌದೆ ಸೀಳಬೇಕು. ಬೂದಿ ತೋಡಬೇಕು, ಬಚ್ಚಲ ಬಕೀಟನ್ನು ಹೊರಗೆ ಚೆಲ್ಲಿ ಬರಬೇಕು. ಇಷ್ಟೂ ಆದಮೇಲೆ ಉಳಿದ ಗಳಿಗೆಯಲ್ಲಿ ಸಂಶೋಧನೆ. ಇದನ್ನು ಕಂಡ ಪ್ರಬಂಧಕಾರನ ಸಿದ್ಧಾಂತವೇನೆಂದರೆ, ಒಲೆಯೇ ಪ್ರಧಾನ, ವಿಜ್ಞಾನವು ಅದರ ಅಂಗ. ಇದಕ್ಕೆ ಸೌದೆಯೇ ಸಾಕ್ಷಿ. ಮರವೆಂಬುದೇ ಬೆಳೆಯದ ಆ ದ್ವೀಪದ ದಂಡೆಯಲ್ಲಿ ಸಿಕ್ಕುವ ದಿಮ್ಮಿಗಳು ಬಹುಪಾಲು ಸೈಬೀರಿಯದ ನದಿಗಳು ಕಡಲಿಗೆ ನೂಕಿದವು; ಅವು ಹಿಮದ ಹಾಸಿನ ಮೇಲೆ ಸವಾರಿ ಮಾಡಿಕೊಂಡು ಬಂದರೆ ಉಂಟು, ಈಜಿಕೊಂಡೇ ಹೊರಟರೆ ನಡುದಾರಿಯಲ್ಲಿ ನೀರುಂಡು ಮುಳುಗುತ್ತವೆ. ಆದುದರಿಂದ ಕಡಲಿನ ಹಿಮ ಕುಗ್ಗುತ್ತಿದೆಯೇ ಎಂಬುದನ್ನು ಸೌದೆ ಆಯಲು ಹೋದವನೂ ಕಾಲಕ್ರಮದಲ್ಲಿ ತಿಳಿದಾನು.

ವಾಸ್ತುವಿಚಾರದಲ್ಲಿ ನಗೆಯನ್ನು ಒಂದು ಗಳಿಗೆ ಬದಿಗಿಡಬೇಕಾಗಿದೆ. ಸ್ವಾಲ್ಬಾರ್ಡಿನ ಕಾಪ್ ಥೋರ್ಡ್‌ಸೆನ್ ಎಂಬಲ್ಲಿ ಸ್ವೀಡನ್ನಿನವರು 1872ರಲ್ಲಿ ಗಟ್ಟಿಮುಟ್ಟಾದ ಮನೆಯೊಂದನ್ನು ಕಟ್ಟಿದರು. ಆ ವರ್ಷವೇ ಹಿಮದಲ್ಲಿ ಸಿಲುಕಿದ 17 ಜನ ನಾರ್ವೆಯ ಬೇಟೆಗಾರರು ಅಲ್ಲಿ ಆಶ್ರಯ ಪಡೆದರು. ಆಹಾರವಿತ್ತು, ಉರುವಲಿತ್ತು, ಸೂರಿತ್ತು. ಬೇಸಗೆಗೆ ಬಂದವರು ನೋಡಿದಾಗ ಒಬ್ಬನೂ ಉಳಿದಿರಲಿಲ್ಲ. ಸ್ಕರ್ವಿಯೆಂದೂ ಸೋಮಾರಿತನವೆಂದೂ ಲೋಕವು ನೂರಕ್ಕೂ ಹೆಚ್ಚು ವರ್ಷ ಆಡಿಕೊಂಡಿತು. ಕಡೆಗೆ ಎಲುಬುಗಳನ್ನು ಪರೀಕ್ಷಿಸಿದವರು ಕಂಡದ್ದು ಸೀಸ. ಡಬ್ಬಿಗಳ ಬೆಸುಗೆಯ ಸೀಸವು ಅನ್ನದೊಡನೆ ಹೊಟ್ಟೆ ಸೇರಿತ್ತು. ಇದೇ ಮನೆಗೆ, ಹತ್ತೇ ವರ್ಷಗಳ ತರುವಾಯ, 1882–83ರ ಪ್ರಥಮ ಅಂತಾರಾಷ್ಟ್ರೀಯ ಧ್ರುವವರ್ಷದ ನಿಮಿತ್ತ ಸ್ವೀಡನ್ನಿನ ವಿಜ್ಞಾನಿಗಳು ವಾಸಕ್ಕೆ ಬಂದರು. ನಮ್ಮಲ್ಲಾಗಿದ್ದರೆ ಆ ಮನೆಯನ್ನು ಬಾಡಿಗೆಯಿಲ್ಲದೆ ಕೊಟ್ಟರೂ ಯಾರೂ ಒಲ್ಲರು. ಅವರಾದರೋ ವಾಸ್ತುಶಾಂತಿಯ ಬದಲು ವಾಯುಭಾರಮಾಪಕವನ್ನು ಸ್ಥಾಪಿಸಿ ಕಾರ್ಯಾರಂಭ ಮಾಡಿದರು. ಅವರಲ್ಲಿ ಆಂದ್ರೇ ಎಂಬ ತರುಣನೊಬ್ಬನಿದ್ದ. ಮುಂದೆ ಬೆಲೂನಿನಲ್ಲಿ ಧ್ರುವಕ್ಕೆ ಹೊರಟು ಮಡಿದವನು ಅವನೇ. ಕತ್ತಲೆ ಕಳೆದು ಬೆಳಕು ಬಂದಾಗ ಎಲ್ಲರ ಮುಖವೂ ಹಳದಿ-ಹಸುರಾಗಿ ಕಂಡಿತು. ಬಣ್ಣ ಕೆಟ್ಟದ್ದು ಚರ್ಮದ್ದೋ, ನೋಡುವ ಕಣ್ಣೇ ಕೆಟ್ಟಿದೆಯೋ ಎಂದು ಜಿಜ್ಞಾಸೆ ಹುಟ್ಟಲು, ಆಂದ್ರೇ ಇನ್ನೊಂದು ತಿಂಗಳು ಒಳಗೇ ಕೂತ. ಹೊರಬಂದಾಗ, ಬಿಸಿಲುಂಡವರ ನಡುವೆ ಅವನೊಬ್ಬನ ಮುಖವೇ ಹಳದಿ. ದೋಷ ಚರ್ಮದ್ದೆಂದು ಸಿದ್ಧವಾಯಿತು. ಮನೆಯಿಂದ ಹೊರಡದಿರುವುದನ್ನೂ ಸಂಶೋಧನೆಯೆಂದು ದಾಖಲಿಸಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಪೂರ್ವೋದಾಹರಣೆ ನನಗೆ ದೊರೆತಿಲ್ಲ. ಪ್ರಕೃತ ಪ್ರಬಂಧವೂ ಅದೇ ವಿಧಾನದಿಂದ ರಚಿತವಾದದ್ದು.

ಬಾಗಿಲು ಒಳಕ್ಕೆ ತೆರೆಯತಕ್ಕದ್ದೋ ಹೊರಕ್ಕೋ ಎಂಬುದು ಉಭಯಸಂಕಟ. ಹೊರಕ್ಕಾದರೆ ರಾತ್ರಿ ಬಿದ್ದ ಹಿಮವು ಬೆಳಗ್ಗೆ ಬಾಗಿಲನ್ನು ತೆರೆಯಗೊಡದು. ಒಳಕ್ಕಾದರೆ ಕರಡಿಯು ಹಿಮಕ್ಕಿರುವ ಸಂಕೋಚವೂ ಇಲ್ಲದೆ ತಳ್ಳಿಕೊಂಡು ಬಂದೀತು. ಇಬ್ಬರು ಪಂಡಿತರನ್ನು ಒಂದೇ ಗುಡಿಸಲಿನಲ್ಲಿಟ್ಟರೆ ಈ ಒಂದು ಪ್ರಶ್ನೆಯಿಂದಲೇ ಚಳಿಗಾಲ ಕಳೆಯುತ್ತದೆ.

ಇಬ್ಬರು ನಿಜವಾಗಿಯೂ ಚಳಿಗಾಲ ಕಳೆದ ಬಗೆಯನ್ನು ಹೇಳುವುದಾದರೆ, 1895ರ ಸೆಪ್ಟೆಂಬರಿನಿಂದ ಮುಂದಿನ ಮೇ ತಿಂಗಳವರೆಗೆ, ಫ್ರಾನ್ಸ್ ಯೋಸೆಫ್ ದ್ವೀಪಗಳಲ್ಲಿ, ಫ್ರಿಟ್ಯೋಫ್ ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ ಎಂಬ ಧ್ರುವಯಾತ್ರಿಕರು ನೆಲ ತೋಡಿ, ಕಲ್ಲು ಪೇರಿಸಿ, ಮೇಲೆ ವಾಲ್ರಸ್ಸಿನ ತೊಗಲು ಹೊದಿಸಿದ ಗವಿಯಲ್ಲಿ ವಾಸಿಸಿದರು. ಬೆಳಗ್ಗೆ ಬೇಯಿಸಿದ ಕರಡಿಮಾಂಸ, ರಾತ್ರಿ ಹುರಿದ ಕರಡಿಮಾಂಸ. ನಡುವೆ ನಿದ್ರೆ, ಕೆಲವು ದಿನ ಇಪ್ಪತ್ತು ಗಂಟೆಯವರೆಗೂ. ಕ್ರಿಸ್ಮಸ್ಸಿಗೆ ಅಂಗಿಯನ್ನು ಮಗುಚಿ ತೊಟ್ಟುಕೊಂಡು ಹೊಸಬಟ್ಟೆಯ ಶಾಸ್ತ್ರ ಮುಗಿಸಿದರು. ಇಂಥ ಘೋರತಪಸ್ಸಿನ ಫಲವಾಗಿ ನಾನ್ಸೆನ್ ಸುಮಾರು ಹತ್ತು ಕಿಲೋ ದಪ್ಪಗಾದನು. ಆದರೆ ವಿದ್ವಾಂಸರು ಗಮನಿಸಬೇಕಾದದ್ದು ಇದಲ್ಲ. ಬೇರೆಬೇರೆ ಮಲಗಿದರೆ ಚಳಿ ತಡೆಯದೆಂದು ಅವರಿಬ್ಬರೂ ಒಂದೇ ಹಾಸಿಗೆಚೀಲದೊಳಗೆ ಒತ್ತೊತ್ತಾಗಿ ಮಲಗುತ್ತಿದ್ದರು. ಹೀಗೆ ಮಲಗಿಯೂ, ಒಬ್ಬರನ್ನೊಬ್ಬರು 'ನೀವು' ಎಂದೇ ಕರೆಯುತ್ತಿದ್ದರು. ಹಡಗು ಬಿಟ್ಟು ಹೊರಟಾಗಿನಿಂದ ತಿಂಗಳುಗಟ್ಟಲೆ, ಹಿಮದ ಮೇಲೆ, ಕರಡಿಯ ಬಾಯಲ್ಲಿ, ಒಂದೇ ಚೀಲದಲ್ಲಿ, 'ನೀವು ಸ್ವಲ್ಪ ಆಚೆ ಸರಿಯುವಿರಾ' ಎಂಬ ಧಾಟಿ! ಕಡೆಗೆ ವರ್ಷದ ಕೊನೆಯ ರಾತ್ರಿ ನಾನ್ಸೆನ್ನೇ, ಇನ್ನು 'ನೀನು' ಎನ್ನೋಣವೆಂದು ಸೂಚಿಸಿದನಂತೆ. ನಮ್ಮ ಮನೆಗಳಲ್ಲಿ 'ನೀವು' ಎಂಬುದು 'ನೀನು' ಆಗುವುದು ಸಾಮಾನ್ಯವಾಗಿ ಜಗಳದ ಮೊದಲ ಗುರುತು; ಅಲ್ಲಿ ಅದು ಹಬ್ಬದೂಟದ ಬದಲಿಗೆ ಬಂತು. ವ್ಯಾಕರಣದ ಏಕವಚನವು ಶೀತಕ್ಕೆ ಔಷಧವೆಂದು ಹೇಳುವಷ್ಟು ಸಾಕ್ಷ್ಯವಿಲ್ಲ. ಆದರೂ ಆ ಗವಿಯಲ್ಲಿ ಆ ರಾತ್ರಿ ಸ್ವಲ್ಪ ಬೆಚ್ಚಗಾಗಿರಬೇಕೆಂದು ನನಗೆ ತೋರುತ್ತದೆ.

ಅಗ್ನಿಕಾರ್ಯದಲ್ಲಿ ಅತಿರೇಕವು ಕೂಡದು. 1934ರಲ್ಲಿ ಕ್ರಿಸ್ಟಿಯಾನೆ ರಿಟ್ಟರ್ ಎಂಬಾಕೆ, ದಪ್ಪದಪ್ಪ ಪುಸ್ತಕಗಳನ್ನೋದುತ್ತ ಮನದಣಿಯೆ ನಿದ್ರಿಸುವ ಆಸೆಯಿಂದ ಆಸ್ಟ್ರಿಯಾ ಬಿಟ್ಟು ಸ್ವಾಲ್ಬಾರ್ಡಿಗೆ ಗಂಡನ ಬಳಿ ಬಂದಾಗ, ಮೊದಲು ಎದುರಾದದ್ದು ಹೊಗೆಯುಗುಳುವ ಒಲೆ, ಆಮೇಲೆ ಮಸಿ. ಅದಕ್ಕೂ ಹಿಂದೆ, 1596ರಲ್ಲಿ, ನೊವಾಯಾ ಜೆಮ್ಲ್ಯಾದಲ್ಲಿ ಹಡಗು ಹಿಮದಲ್ಲಿ ಸಿಕ್ಕಿಬಿದ್ದ ಡಚ್ಚರು, ವಿಲ್ಲೆಮ್ ಬಾರೆಂಟ್ಸನ ಸಂಗಡಿಗರು, ತೇಲಿಬಂದ ಮರದಿಂದ ಮನೆ ಕಟ್ಟಿ, ಚಳಿ ತಾಳಲಾರದೆ ಒಂದು ರಾತ್ರಿ ಕಲ್ಲಿದ್ದಲು ಹೊತ್ತಿಸಿ, ಬಿಸಿ ಪೋಲಾಗದಿರಲೆಂದು ಹೊಗೆಗಂಡಿಯನ್ನೂ ಮುಚ್ಚಿ ಮಲಗಿದರು. ಯಾರೋ ಒಬ್ಬನು ಹೇಗೋ ಬಾಗಿಲು ತೆರೆಯದೆ ಹೋಗಿದ್ದರೆ ಅವರ ಕಥೆ ಅಂದೇ ಮುಗಿಯುತ್ತಿತ್ತು. ಕುದಿಯುವ ನೀರಿನಿಂದ ತೆಗೆದು ಹಿಂಡಿದ ಅಂಗಿ ಕೈಯಲ್ಲೇ ಹಲಗೆಯಾಗುತ್ತಿತ್ತು. ಬೆಂಕಿಯ ಮುಂದೆ ಹಿಡಿದರೆ ಬೆಂಕಿಯತ್ತಣ ಮೈ ಕರಗಿ ಆಚೆಯ ಮೈ ಹೆಪ್ಪುಗಟ್ಟಿರುತ್ತಿತ್ತು. ಅಲ್ಲಿ ಅಗಸನಿಗೂ ಉಷ್ಣಶಾಸ್ತ್ರ ತಿಳಿದಿರಬೇಕು.

ಈ ಡಚ್ಚರ ಗಡಿಯಾರವೂ ಚಳಿಗೆ ನಿಂತಿತು. ಆಗ ಹನ್ನೆರಡು ಗಂಟೆಗೊಮ್ಮೆ ಖಾಲಿಯಾಗುವ ಮರಳುಗಡಿಯಾರವೊಂದೇ ಗತಿ. ಹಗಲಿಲ್ಲದ ಆ ದಿನಗಳಲ್ಲಿ ಒಬ್ಬನು ಎಚ್ಚರವಿದ್ದು, ಮರಳು ಮುಗಿದೊಡನೆ ಅದನ್ನು ತಲೆಕೆಳಗು ಮಾಡಬೇಕು. 1597ರ ಜನವರಿ 24ರಂದು ಹೊರಗೆ ಹೋದ ಮೂವರು ದಿಗಂತದಲ್ಲಿ ಸೂರ್ಯನ ಅಂಚನ್ನು ಕಂಡು ಓಡಿಬಂದರು. ಬಾರೆಂಟ್ಸನು ನಂಬಲಿಲ್ಲ. ಲೆಕ್ಕದ ಪ್ರಕಾರ ಸೂರ್ಯನು ಬರಲು ಇನ್ನೂ ಸುಮಾರು ಎರಡು ವಾರವಿದೆ, ನೀವೇ ದಿನ ತಪ್ಪಿಸಿದ್ದೀರಿ ಎಂಬುದು ಅವನ ವಾದ, ಇಲ್ಲವೆಂಬುದು ಇವರದು. ಊರಿಗೆ ಮರಳಿದ ಮೇಲೂ ವಿದ್ವಾಂಸರು ಇವರನ್ನು ಸುಳ್ಳರೆಂದೇ ಎಣಿಸಿದರು. ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಪದರವಾಗಿ ಕೂತಾಗ ಬೆಳಕು ಬಾಗಿ, ದಿಗಂತದ ಕೆಳಗಿರುವ ಸೂರ್ಯನ ಬಿಂಬವನ್ನು ಮೇಲೆತ್ತಿ ತೋರಿಸುತ್ತದೆಂಬುದು ಶತಮಾನಗಳ ಮೇಲೆ ಸ್ಪಷ್ಟವಾಗಿ, ಆ ವಿದ್ಯಮಾನಕ್ಕೆ ನೊವಾಯಾ ಜೆಮ್ಲ್ಯಾದ ಹೆಸರೇ ನಿಂತಿದೆ. ಆದರೆ ವಿಚಾರವೆಲ್ಲವೂ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ನವೆಂಬರಿನಿಂದ ಜನವರಿಯವರೆಗೆ, ಹೊಗೆ ತುಂಬಿದ ಆ ಕೋಣೆಯಲ್ಲಿ, ಹನ್ನೆರಡು ಗಂಟೆಗೊಮ್ಮೆ ಕಂಬಳಿಯಿಂದ ಕೈ ಹೊರಚಾಚಿ ಮರಳಿನ ಗಾಜನ್ನು ತಿರುವಿಡುವ ಸರದಿಯವನು, ಒಂದು ದಿನವಾದರೂ, ಇನ್ನೊಂದು ಗಳಿಗೆ ಮಲಗೋಣವೆಂದು ಮಗ್ಗುಲು ಬದಲಾಯಿಸಿದನೇ, ಇಲ್ಲವೇ?