ಗರ್ಭಿಣೀಪತಿ

ಗರ್ಭಿಣೀಪತಿ ಎಂಬುದು ಧರ್ಮಶಾಸ್ತ್ರದ ಮಾತು. ಹೆಂಡತಿ ಬಸುರಿಯಾದಾಗ ಗಂಡ ಏನೇನು ಮಾಡಬಾರದು ಎಂಬುದಕ್ಕೆ ಅಲ್ಲಿ ಉದ್ದದ ಪಟ್ಟಿಯಿದೆ: ಕ್ಷೌರ, ಸಮುದ್ರಸ್ನಾನ, ಹೆಣ ಹೊರುವುದು, ಮರ ಕಡಿಯುವುದು, ದೂರ ಪ್ರಯಾಣ. ಬೆಟ್ಟ ಹತ್ತಬಾರದೆಂಬುದನ್ನು ಮನೆಯ ಹಿರಿಯರು ಸೇರಿಸುತ್ತಾರೆ. ಹಿಂದಿನ ಗರ್ಭಿಣೀಪತಿ ಗಡ್ಡ ಬಿಟ್ಟುಕೊಂಡು ಊರಲ್ಲೇ ಬಿದ್ದಿರುತ್ತಿದ್ದ, ಯಾರಿಗೂ ತೊಂದರೆಯಿರಲಿಲ್ಲ. ಈಗಿನವನು ಹೆಂಡತಿಯ ಜೊತೆಗೆ ರೈಲು ಹತ್ತುತ್ತಾನೆ.

ಇವನನ್ನು ಗುರುತಿಸುವುದು ಸುಲಭ. ಎದುರು ಸೀಟಿನ ಅಜ್ಜಿ "ಎಷ್ಟು ತಿಂಗಳಮ್ಮಾ?" ಎಂದು ಕೇಳಿದರೆ ಹೆಂಡತಿ "ಏಳು" ಎನ್ನುವಷ್ಟರಲ್ಲಿ ಇವನು "27 ವಾರ 4 ದಿನ" ಎಂದಿರುತ್ತಾನೆ. ಹೆಗಲಲ್ಲೊಂದು ಚೀಲ. ಅದರಲ್ಲಿ ತಪಾಸಣೆಯ ಫೈಲು, ಫೈಲಿನ ಎರಡು ಜೆರಾಕ್ಸು, ಬಿಸಿನೀರಿನ ಫ್ಲಾಸ್ಕು, ಬಿ.ಪಿ. ನೋಡುವ ಯಂತ್ರ, ಹೆಂಡತಿಗೆಂದು ಕಟ್ಟಿಸಿಕೊಂಡು ಬಂದು ತಾನೇ ತಿಂದು ಮುಗಿಸುವ ಚಕ್ಕುಲಿ. ಆಟೋ ಸಿಗ್ನಲಿನಲ್ಲಿ ನಿಂತಿದ್ದಾಗಲೂ "ಮೆಲ್ಲಗಾ, ಮೆಲ್ಲಗಾ" ಎಂದು ಕೂಗುತ್ತಾನೆ. "ಆಗೇ ಉಂದಿ ಸಾರ್" (ನಿಂತೇ ಇದೆ ಸಾರ್) ಎಂದು ವಿಶಾಖಪಟ್ಟಣದ ಚಾಲಕನೊಬ್ಬ ತಿರುಗಿ ನೋಡಿದ್ದುಂಟು.

ಇವನು ಹೇಳುವುದೆಲ್ಲ ಸರಿಯಾಗಿರುತ್ತದೆ, ಸಿಟ್ಟು ಬರುವುದೇ ಅದಕ್ಕೆ. 14ರಿಂದ 28ನೇ ವಾರದವರೆಗಿನ ಕಾಲ ಪ್ರಯಾಣಕ್ಕೆ ಹಿತವೆಂದು ವೈದ್ಯರು ಹೇಳುವುದು ನಿಜ, ಅಷ್ಟರಲ್ಲಿ ವಾಂತಿ ತಗ್ಗಿರುತ್ತದೆ, ಹೊಟ್ಟೆಯ ಭಾರ ಇನ್ನೂ ಏರಿರುವುದಿಲ್ಲ. ಕಾರಿನಲ್ಲಿ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿ ಇರಬೇಕು. 36 ವಾರ ದಾಟಿದವರನ್ನು ವಿಮಾನದ ಕಂಪನಿಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ರೈಲಿನಲ್ಲಿ ಹಿರಿಯ ನಾಗರಿಕರು, 45 ದಾಟಿದ ಹೆಂಗಸರು ಮತ್ತು ಗರ್ಭಿಣಿಯರಿಗೆಂದು ಒಂದೊಂದು ಸ್ಲೀಪರ್ ಬೋಗಿಯಲ್ಲಿ ಆರೇಳು ಕೆಳಗಿನ ಬರ್ತುಗಳಿವೆ. ಇಷ್ಟನ್ನೂ ಅವನು ಟಿಕೆಟ್ ಪರೀಕ್ಷಕರಿಗೇ ವಿವರಿಸುತ್ತಾನೆ.

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲೋ ನೌಕಾದಳದಲ್ಲೋ ಕೆಲಸಕ್ಕಿರುವ ಕನ್ನಡಿಗರ ಮನೆಗಳಲ್ಲಿ ಚೊಚ್ಚಲ ಬಸುರಿಯನ್ನು ಏಳನೇ ತಿಂಗಳಿಗೆ ತವರಿಗೆ ಕಳುಹಿಸುತ್ತಾರೆ. ಕರೆದೊಯ್ಯಲು ತಮ್ಮನೊಬ್ಬ ಬರುವುದು ವಾಡಿಕೆ. ತಮ್ಮ ಬಂದ ಮೇಲೂ ಗಂಡ ಹೊರಟುನಿಂತರೆ ಆ ತಮ್ಮನ ಪಾಡೇನು ಎಂಬುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಅಂಥ ಬಾಮೈದನೊಬ್ಬನ ಅನುಭವ ಇಲ್ಲಿದೆ. ಅವನ ಹೆಸರು ಬೇಡ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ 350 ಕಿ.ಮೀ., ಆರು ಗಂಟೆಯ ದಾರಿ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚು, ಒಂದೇ ಕಡೆ ಕುಳಿತಿದ್ದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು, ಆದ್ದರಿಂದ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಗರ್ಭಿಣೀಪತಿ ಇದಕ್ಕಾಗಿ ಫೋನಿನಲ್ಲಿ ಗಂಟೆಗೊಂದು ಅಲಾರಂ ಇಟ್ಟಿದ್ದ. ತುನಿ ದಾಟಿದ ಮೇಲೆ ಹೆಂಡತಿಗೆ ಕಷ್ಟಪಟ್ಟು ಜೋಂಪು ಹತ್ತಿತ್ತು, ಅಲಾರಂ ಹೊಡೆಯಿತು. ಮುಂದೆ ಬಾಮೈದ, ನಡುವೆ ಅವಳು, ಹಿಂದೆ ಫ್ಲಾಸ್ಕು ಹಿಡಿದ ಗಂಡ. ಚಹಾದವನನ್ನೂ ಕಡಲೆಕಾಯಿಯವನನ್ನೂ ಸರಿಸಿಕೊಂಡು ಹೀಗೊಂದು ಮೆರವಣಿಗೆ. ಸಾಮಲಕೋಟೆ ಆದಮೇಲೆ ಇನ್ನೊಂದು. ರಾಜಮಹೇಂದ್ರಿಯಲ್ಲಿ ಗೋದಾವರಿ ಬಂತು. ಕಿಟಕಿಗೆ ಕೆನ್ನೆ ಒತ್ತಿ ಹೊಳೆ ನೋಡಬೇಕೆಂದು ಅವಳು ಬೆಳಿಗ್ಗೆಯಿಂದ ಕಾದಿದ್ದಳು, ಎಸೆಯಲು ನಾಣ್ಯವೂ ಕೈಯಲ್ಲಿತ್ತು. ಅಷ್ಟರಲ್ಲಿ ಅಲಾರಂ. ಗೋದಾವರಿ ಮುಗಿಯುವವರೆಗೆ ಮೂವರೂ ಶೌಚಾಲಯದ ಬಾಗಿಲ ಬಳಿ ನಿಂತಿದ್ದರು. ನಾಣ್ಯ ಈಗಲೂ ಬಾಮೈದನ ಬಳಿ ಇದೆ.

ಆ ಶೌಚಾಲಯದ ವಿಷಯದಲ್ಲಿ ಮಾತ್ರ ಅವನನ್ನು ಮೆಚ್ಚಲೇಬೇಕು. ಎದ್ದು ಹೋಗುವ ಸಂಕೋಚಕ್ಕೆ ನೀರನ್ನೇ ಕುಡಿಯದೆ ಕೂರುವ ಹೆಂಗಸರು ಬಹಳ. ಮೂತ್ರದ ಸೋಂಕಿಗೆ ಅದೇ ದಾರಿ. ಇವನು ಒಳಗೆ ಹೋಗಿ ನೆಲಕ್ಕೆ ನೀರು ಹೊಯ್ದು, ಹಳೆಯ ಪೇಪರಿನಿಂದ ಒರೆಸಿ ಬಂದು, ಆಮೇಲೆ ಅವಳನ್ನು ಕಳುಹಿಸುತ್ತಿದ್ದ. ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಯಾರು ಏನು ಅಂದುಕೊಂಡರೂ ಕದಲುತ್ತಿರಲಿಲ್ಲ.

ವಿಜಯವಾಡದಲ್ಲಿ ರಾತ್ರಿ ತಂಗಿ ಇಂದ್ರಕೀಲಾದ್ರಿಯ ಕನಕದುರ್ಗೆಗೆ ಹರಕೆ ಒಪ್ಪಿಸುವುದಿತ್ತು. ಕಾರ್ತಿಕದಲ್ಲಿ ದುರ್ಗೆಗೆ ಗಾಜಿನ ಬಳೆಗಳ ಅಲಂಕಾರ ಮಾಡುವ ಗುಡಿಯಿದು. ಸೀಮಂತದಲ್ಲಿ ಬಳೆ ತೊಡಲು ಹೊರಟವಳಿಗೆ ಇಲ್ಲಿಗೆ ಬರುವ ಆಸೆಯಿದ್ದುದು ಸಹಜ. ಅದು ಮಾರ್ಚ್ ಕೊನೆ. ವಿಜಯವಾಡದ ಹಳೆಯ ಹೆಸರಾದ ಬೆಜವಾಡವನ್ನು 'ಬ್ಲೇಜ್‌ವಾಡ' ಎಂದು ಕರೆದವರು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೆಂದು ಪ್ರತೀತಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾದ ಅವರಿಗೆ ಮೈಸೂರು, ಬೆಜವಾಡ ಎರಡೂ ಊರುಗಳ ಬಿಸಿಲು ಗೊತ್ತಿತ್ತು. ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೊರಟದ್ದಾಯಿತು. ಅಷ್ಟರಲ್ಲಿ ಗಂಡನ ತಾಯಿಯ ಫೋನು: "ನೀನು ಬೆಟ್ಟ ಹತ್ತಬೇಡ ಕಣೋ." ಗಂಡ ಕೆಳಗೇ ಉಳಿದ. ಅಕ್ಕ ತಮ್ಮ ಲಿಫ್ಟಿನಲ್ಲಿ ಮೇಲೆ ಹೋದರು.

ಗುಡಿಯೊಳಗೆ ಮೊಬೈಲು ಬಿಡುವುದಿಲ್ಲ. ಇಪ್ಪತ್ತೇಳು ವಾರದಲ್ಲಿ ಮೊದಲ ಬಾರಿಗೆ ಗರ್ಭಿಣೀಪತಿಗೆ ಹೆಂಡತಿಯ ಸುದ್ದಿ ಇಲ್ಲದಾಯಿತು. ಮುಕ್ಕಾಲು ಗಂಟೆ ತಡೆದುಕೊಂಡ. ಆಮೇಲೆ ಶಾಸ್ತ್ರ, ತಾಯಿ, ಲಿಫ್ಟು ಮೂರನ್ನೂ ಮರೆತು, ಚೀಲ ಸಮೇತ ಮೆಟ್ಟಿಲು ಹತ್ತಿದ. ದರ್ಶನ ಮುಗಿಸಿದ ಅಕ್ಕ ನೆರಳಲ್ಲಿ ಕುಳಿತು ಪುಳಿಯೋಗರೆ ಪ್ರಸಾದ ತಿನ್ನುತ್ತಿದ್ದಾಗ, ಬೆವರಿನಲ್ಲಿ ಮಿಂದ ಮನುಷ್ಯನೊಬ್ಬ ಬಂದು ಎದುರಿಗೆ ಕುಸಿದ. ಅವನನ್ನು ಎಡಮಗ್ಗುಲಿಗೆ ಮಲಗಿಸಿ, ಅವನದೇ ಯಂತ್ರದಲ್ಲಿ ಬಿ.ಪಿ. ನೋಡಿ, ಅವನದೇ ಟವೆಲಿನಿಂದ ಅವಳು ಗಾಳಿ ಹಾಕಿದಳು. ಅರ್ಜುನ ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆದ ಬೆಟ್ಟವಂತೆ ಅದು. ಭಾವನಿಗೆ ಸಿಕ್ಕಿದ್ದು 158.

"ಏನೂ ಆಗಿಲ್ಲ ತಾನೇ?" ಎಂದು ಅವನೇ ಕೇಳಿದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಮೈದನಿಗೆ ಏಕೋ ತನ್ನ ಅಪ್ಪನ ನೆನಪಾಯಿತು. ಅವರು ಈ ಅಕ್ಕನನ್ನು ಮೊದಲು ಕಂಡದ್ದು ನಾಮಕರಣದ ದಿನ, ಅದೂ ಆಫೀಸಿನಲ್ಲಿ ಒಂದು ದಿನದ ರಜೆ ಸಿಕ್ಕಿದ್ದರಿಂದ.

ಅಂದು ರಾತ್ರಿ ಬೆಂಗಳೂರಿನ ರೈಲಿನಲ್ಲಿ ಅಕ್ಕನಿಗೆ ಕೆಳಗಿನ ಬರ್ತು, ಭಾವನಿಗೆ ಮೇಲಿನದು. ಮತ್ತೆ ಹತ್ತಲಾರೆನೆಂದು ಅವನು ಬಾಮೈದನ ನಡುಬರ್ತು ಕೇಳಿ ತೆಗೆದುಕೊಂಡ. ಗುಂಟೂರು ದಾಟಿದ ಮೇಲೆ ಅಲಾರಂ ಹೊಡೆಯಿತು. ಅಕ್ಕ ಏಳಲಿಲ್ಲ, ಭಾವನೂ ಏಳಲಿಲ್ಲ. ಮೇಲಿನ ಬರ್ತಿನಿಂದ ಇಳಿದು ಬಂದು ಅದನ್ನು ನಿಲ್ಲಿಸಿದವನು ಬಾಮೈದ.