‘ಇಲ್ಲೇ’ ಎಂಬ ಅವ್ಯಯದ ದೂರಮಾನ ವಿಚಾರ

ಕನ್ನಡದಲ್ಲಿ ದೂರ ಅಳೆಯುವ ಮಾತುಗಳಿಗೆ ಬಡತನವಿಲ್ಲ. ಮಾರು ಇದೆ, ಕೂಗಳತೆ ಇದೆ, ಸುಮಾರು ಮೂರು ಮೈಲಿಯ ಹರದಾರಿ ಇದೆ, ಗಾವುದ ಇದೆ. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದೂ ಪಂಡಿತರ ಅವಜ್ಞೆಗೆ ಗುರಿಯಾದ ಮಾನವೊಂದಿದೆ: ‘ಇಲ್ಲೇ’. ಈ ಕೊರತೆಯನ್ನು ನೀಗಲು ಪ್ರಸ್ತುತ ಲೇಖಕನು ಗೆಳೆಯರೊಡನೆ ಬೆಂಗಳೂರಿನ ಯಶವಂತಪುರದಿಂದ ಮುಳ್ಳಯ್ಯನಗಿರಿಯ ತುದಿಯವರೆಗೆ ಸೈಕಲ್ಲಿನಲ್ಲಿ ಎರಡು ದಿನದ ಕ್ಷೇತ್ರಕಾರ್ಯ ಕೈಗೊಂಡನು. ಸೈಕಲ್ಲೇ ಏಕೆ ಎಂಬ ಪೂರ್ವಪಕ್ಷಕ್ಕೆ ಸಮಾಧಾನ: ಕಾರಿನಲ್ಲಿ ಕೂತವನಿಗೆ ಎಲ್ಲವೂ ನಿಜವಾಗಿಯೇ ಇಲ್ಲೇ.

ಸಂಶೋಧನೆಯ ಮರ್ಯಾದೆಗಾಗಿ ಸಂಗಡಿಗರನ್ನು ಕ, ಖ, ಗ ಎಂದಷ್ಟೇ ಕರೆಯಲಾಗಿದೆ. ಪಂಥ ಕಟ್ಟಿ ಎಲ್ಲರನ್ನೂ ಎಬ್ಬಿಸಿದವನು ‘ಘ’. ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ ‘ಸೊಂಟ ಹಿಡ್ಕೊಂಡ್ಬಿಟ್ಟಿದೆ ಕಣ್ರೋ’ ಎಂದು ವಾಟ್ಸಾಪಿನಲ್ಲಿ ಬರೆದು ಅವನು ಲೋಪವಾದನು. ಲೋಪವಿದ್ದ ಮೇಲೆ ಆಗಮ, ಆದೇಶಗಳೂ ಹಿಂದೆಯೇ ಬರುತ್ತವೆಂಬುದನ್ನು ಹೈಸ್ಕೂಲಿನಲ್ಲಿ ಸಂಧಿ ಓದಿದವರು ಊಹಿಸಿಯಾರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಚಿಕ್ಕಮಗಳೂರು ಸುಮಾರು 1,090. ಹಾಗಾದರೆ 245 ಕಿಲೋಮೀಟರ್ ದಾರಿಯಲ್ಲಿ ಏರಬೇಕಾದ್ದು ಬರೀ 170 ಮೀಟರ್ ಎಂದು ‘ಕ’ ಹೋಟೆಲ್ ಬಿಲ್ಲಿನ ಬೆನ್ನ ಮೇಲೆ ಸಾಧಿಸಿ ತೋರಿಸಿದ್ದನು. ಲೆಕ್ಕ ನಿರ್ದುಷ್ಟ. ಆದರೆ ನೆಲಮಂಗಲ ದಾಟಿದ ಮೇಲೆ ರಸ್ತೆ ಏರುತ್ತದೆ, ಇಳಿಯುತ್ತದೆ, ಇಳಿದದ್ದಕ್ಕೆ ನಾಚಿಕೊಂಡು ಮತ್ತೆ ಏರುತ್ತದೆ. ‘ಕ’ ಇಳುಕಲನ್ನು ಏರಿನಿಂದ ಕಳೆದಿದ್ದನು. ಮೀನಖಂಡಕ್ಕೆ ಕಳೆಯುವ ಲೆಕ್ಕ ಬರುವುದಿಲ್ಲ, ಕೂಡುವುದೊಂದೇ ಗೊತ್ತು.

ಮೊದಲ ದತ್ತಾಂಶ ಸಿಕ್ಕಿದ್ದು ಕುಣಿಗಲ್ಲಿನ ಪಂಚರ್ ಅಂಗಡಿಯಲ್ಲಿ. ಟ್ಯೂಬನ್ನು ಬಾನಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಯಜಮಾನರನ್ನು ‘ತಿಂಡಿಗೆ ಒಳ್ಳೇ ಹೋಟ್ಲು ಎಲ್ಲಿದೆ ಸಾರ್?’ ಎಂದು ಕೇಳಲಾಯಿತು. ‘ಇಲ್ಲೇ’ ಎಂದರು. ಮೀಟರಿನಲ್ಲಿ ಆರು ಕಿಲೋಮೀಟರ್ ಬಂತು. ಹಿರೀಸಾವೆಯ ಬಳಿ ಹಸು ಮೇಯಿಸುತ್ತಿದ್ದ ಅಜ್ಜ ‘ಇಲ್ಲೇಏಏ ಕಣ್ರಪ್ಪಾ, ಹಿಂಗ್ ಹೋಗಿ ಹಂಗ್ ತಿರೀಕಂಡ್ರೆ ಆಯ್ತು’ ಎಂದಿತು. ಒಂಬತ್ತು ಬಂತು. ಇಲ್ಲಿ ಲೇಖಕನಿಗೆ ಮಿಂಚು ಹೊಳೆಯಿತು. ವ್ಯಾಕರಣದಲ್ಲಿ ದೀರ್ಘಸ್ವರಕ್ಕೆ ಎರಡು ಮಾತ್ರೆ, ಪ್ಲುತಕ್ಕೆ ಮೂರು. ಯಜಮಾನರದು ದೀರ್ಘ, ಅಜ್ಜನದು ಪ್ಲುತ. ಅಂದರೆ ಮಾತ್ರೆಯೊಂದಕ್ಕೆ ಮೂರು ಕಿಲೋಮೀಟರ್! 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಸೂತ್ರ ಕೊಡದೆ ಹೋದದ್ದನ್ನು ಕ್ಷಮಿಸಬೇಕು. ಅವನ ಕಾಲಕ್ಕೆ ಸೈಕಲ್ ಇರಲಿಲ್ಲ. (ಕೈ ತೋರಿಸದೆ ಗದ್ದ ಮಾತ್ರ ಎತ್ತಿ ಹೇಳಿದ ‘ಇಲ್ಲೇ’ಗೆ ಈ ಸೂತ್ರ ಅನ್ವಯಿಸದು. ಅದು ಊರು ದಾಟಿ ಮುಂದಿನ ಊರಿನಲ್ಲಿರುತ್ತದೆ.)

ಹಿರೀಸಾವೆಗೂ ಮೊದಲೇ, ಬೆಳ್ಳೂರು ಕ್ರಾಸಿನಲ್ಲಿ, ಆಗಮವಾಗಿತ್ತು. ‘ಖ’ನ ಭಾಮೈದ, ಅಕ್ಕನ ಅಪ್ಪಣೆಯಂತೆ ಚಕ್ಕುಲಿ ಡಬ್ಬಿ ಹೊತ್ತು, ಬುಲೆಟ್ಟಿನಲ್ಲಿ ಬಂದು ಎರಡು ಸ್ವರಗಳ ನಡುವಿನ ಯಕಾರದಂತೆ ನಮ್ಮ ಮಧ್ಯೆ ಸೇರಿಕೊಂಡನು. ಪ್ರತಿ ದಿಬ್ಬದ ನೆತ್ತಿಯಲ್ಲೂ ಗಾಡಿ ನಿಲ್ಲಿಸಿ ‘ಬಂದೇಬಿಡ್ತು ಭಾವ, ಇಲ್ಲೇ’ ಎನ್ನುವುದು ಅವನ ಕೆಲಸ. ಪೆಟ್ರೋಲಿನ ಪ್ರಭಾವದಲ್ಲಿ ಆಡಿದ ಮಾತಾದ್ದರಿಂದ ಇವನ್ನೆಲ್ಲ ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಬ್ರೆವೆ ಎಂಬ ದೂರಸವಾರಿಯ ನಿಯಮದಲ್ಲಿ 200 ಕಿಲೋಮೀಟರ್ ಮುಗಿಸಲು 13 ಗಂಟೆ 30 ನಿಮಿಷದ ಗಡುವು. 185 ಕಿಲೋಮೀಟರ್ ದೂರದ ಹಾಸನ ಮುಟ್ಟಲು ನಮಗೆ 15 ಗಂಟೆ ಹಿಡಿಯಿತು. ಇದರಲ್ಲಿ ನಾಲ್ಕು ಗಂಟೆ ಹೋಟೆಲುಗಳಲ್ಲಿ ಕೂತು ಮಾಡಿದ ಉಪಭಾಷಾ ಸರ್ವೇಕ್ಷಣೆ. ಮರುದಿನ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ದೇವರಿಗೆ ರಸ್ತೆಯಿಂದಲೇ ಕೈಮುಗಿದೆವು. ಸೈಕಲ್ಲಿನಿಂದ ಇಳಿದರೆ ಮತ್ತೆ ಹತ್ತುವ ಭರವಸೆ ಯಾರಿಗೂ ಇರಲಿಲ್ಲ. ಕನ್ನಡಿ ಹಿಡಿದ ದರ್ಪಣಸುಂದರಿಯ ಎದುರು ನಿಲ್ಲುವ ಮುಖವೂ ಯಾರಿಗೂ ಉಳಿದಿರಲಿಲ್ಲ.

ಈಗ ಪ್ರಬಂಧದ ಕಷ್ಟದ ಭಾಗ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್. ಚಿಕ್ಕಮಗಳೂರಿನಿಂದ 840 ಮೀಟರ್ ಏರಬೇಕು. ಸೈಕಲ್, ಲೇಖಕ, ಚಕ್ಕುಲಿ ಎಲ್ಲ ಸೇರಿದ ನೂರು ಕಿಲೋ ಭಾರವನ್ನು ಅಷ್ಟೆತ್ತರಕ್ಕೆ ಎತ್ತುವ ಕೆಲಸ ಸುಮಾರು 197 ಕಿಲೋಕ್ಯಾಲೊರಿ. ದೇಹವು ತಿಂದದ್ದರ ಮುಕ್ಕಾಲು ಪಾಲನ್ನು ಬರೀ ಬಿಸಿಯಾಗಿ ಬಿಟ್ಟುಬಿಡುವುದರಿಂದ 800 ಎನ್ನೋಣ. ಬೇಲೂರಿನ ತಿಂಡಿಯಲ್ಲೇ ಈ ಸಾಲ ತೀರಿ ಮುಂದಿನ ಬೆಟ್ಟಕ್ಕೂ ಜಮೆಯಾಗಿತ್ತು. ಆದರೂ ಕಾಫಿ ತೋಟಗಳ ನಡುವೆ ಏರು ಶುರುವಾದದ್ದೇ ತಡ ಉಸಿರು ಬೇರೆ ಖಾತೆಯಿಂದ ಹೋಗತೊಡಗಿತು. ಕೊನೆಯ ಗೇರಿನಲ್ಲಿ ಮುಂದೆ 30 ಹಲ್ಲು, ಹಿಂದೆ 34. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಆರೂವರೆ ಕಿಲೋಮೀಟರ್ ವೇಗ. ತೋಟದ ಕೆಲಸಕ್ಕೆ ಹೊರಟ ಹೆಂಗಸರು ಹಿಂದಿನಿಂದ ಬಂದು, ಅಯ್ಯೋ ಪಾಪ ಎಂದು, ಮುಂದೆ ಹೋದರು.

ಇಲ್ಲಿಯೇ ಆದೇಶ ಸಂಭವಿಸಿತು. ನಿನ್ನೆಯಿಂದ ಮುಂದಿದ್ದ ‘ಕ’ ತಿರುವೊಂದರಲ್ಲಿ ತಡೆಗೋಡೆಗೆ ಒರಗಿ ಕೂತನು, ಅವನ ಜಾಗಕ್ಕೆ ‘ಗ’ ಬಂದನು. ಕಕಾರಕ್ಕೆ ಗಕಾರ ಆದೇಶವೆಂಬ ನಿಯಮಕ್ಕೆ ಇಷ್ಟು ಬೆವರಿನ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗದು. ‘ಖ’ನಾದರೋ ಇತಿಹಾಸದಲ್ಲಿ ಹಿಂದಕ್ಕೆ ಸರಿದಿದ್ದನು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ರೂಪಿಸಿದ ಮೊದಲ ದ್ವಿಚಕ್ರಿಗೆ ಪೆಡಲ್ಲೇ ಇರಲಿಲ್ಲ, ಕಾಲಲ್ಲಿ ನೆಲ ಒದೆಯುತ್ತಾ ಹೋಗಬೇಕಿತ್ತು. ‘ಖ’ ಅದಕ್ಕೂ ಹಿಂದಿನ ಘಟ್ಟ ಮುಟ್ಟಿ ಸೈಕಲ್ಲನ್ನು ಎಮ್ಮೆಯಂತೆ ಹಿಡಿದು ನಡೆಸುತ್ತಿದ್ದನು.

‘ಇನ್ನೆಷ್ಟು ದೂರಾನೋ?’ ಎಂದು ಕೆಳಗಿನಿಂದ ‘ಕ’ ಕೂಗಿದನು. ‘ಇಲ್ಲೇ’ ಎಂದು ಮೇಲಿನ ತಿರುವಿನಿಂದ ‘ಗ’ ಉತ್ತರಿಸಿದನು. ಮೂರು ‘ಇಲ್ಲೇ’ಗಳಾದ ಮೇಲೂ ಮಂಜಿನಲ್ಲಿ ರಸ್ತೆಯೇ ಕಾಣುತ್ತಿರಲು, ‘ಕ’ ಮಂಡಿಸಿದ ವ್ಯುತ್ಪತ್ತಿಯನ್ನು ಈ ಪ್ರಬಂಧದ ಮುಖ್ಯ ಫಲಿತವೆಂದು ದಾಖಲಿಸಬೇಕು. ‘ಇಲ್ಲೇ’ ಎಂಬುದನ್ನು ಇಲ್ಲಿ + ಏ ಎಂದು ಬಿಡಿಸುವುದು ರೂಢಿ. ಅದು ತಪ್ಪು. ಅದು ಇಲ್ಲ + ಏ. ಇದ್ದದ್ದನ್ನಲ್ಲ, ಇಲ್ಲದ್ದನ್ನು ಒತ್ತಿ ಹೇಳುವ ಪದ. ಸಂಧಿ ಎರಡು ಕಡೆಯೂ ಲೋಪವೇ. ‘ಇಲ್ಲವೇ’ ಎಂದಾಗಬೇಕಲ್ಲ ಎಂಬ ಆಕ್ಷೇಪ ಲೇಖಕನ ಬಾಯಿಗೆ ಬಂದಿತ್ತು, ಆದರೆ ಅಷ್ಟು ಮಾತಿಗೆ ಉಸಿರು ಒದಗಲಿಲ್ಲ.

ಉಳಿದದ್ದು ಸೈಕಲ್ ಬಿಟ್ಟು ಗುಡಿಗೆ ಹತ್ತುವ ಮೆಟ್ಟಿಲುಗಳು. ಇವುಗಳ ಸಂಖ್ಯೆಯ ವಿಷಯದಲ್ಲಿ ಪಾಠಭೇದವಿದೆ. ‘ಗ’ನ ಪ್ರತಿಯಲ್ಲಿ ಒಂದು ಲೆಕ್ಕ, ‘ಕ’ನ ಪ್ರತಿಯಲ್ಲಿ ಅದಕ್ಕಿಂತ ನೂರು ಹೆಚ್ಚು. ‘ಖ’ ಇನ್ನೂರರ ಬಳಿ ಎಣಿಕೆ ಮರೆತು ಮತ್ತೆ ಒಂದರಿಂದ ಶುರು ಮಾಡಿದ್ದರಿಂದ ಅದು ತ್ರುಟಿತ ಪ್ರತಿ. ಭಾಮೈದ ಎಣಿಸಲೇ ಇಲ್ಲ. ಗ್ರಂಥಸಂಪಾದನೆಯಲ್ಲಿ ಕ್ಲಿಷ್ಟಪಾಠಕ್ಕೆ ಮನ್ನಣೆ ಹೆಚ್ಚಾದ್ದರಿಂದ ‘ಕ’ನ ಲೆಕ್ಕವನ್ನೇ ಎತ್ತಿಕೊಳ್ಳಲಾಗಿದೆ, ಲೇಖಕನ ಎಡ ಮಂಡಿಯೂ ಅದನ್ನೇ ಸಮರ್ಥಿಸುತ್ತದೆ. ಇಳಿಯುವಾಗ ಇನ್ನೊಮ್ಮೆ ತಾಳೆ ನೋಡುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಸೊಂಟ ಸರಿಹೋಗಿದ್ದ ‘ಘ’ ಫೋನ್ ಮಾಡಿ, ಎಲ್ಲಿದ್ದೀರೋ, ರಾತ್ರಿ ಊಟಕ್ಕೆ ಬೆಂಗಳೂರಿಗೆ ಬರ್ತೀರಾ ಎಂದು ಕೇಳಿದನು.

ಮೂವರೂ ಒಟ್ಟಿಗೆ ಹೇಳಿದರು. ಪ್ಲುತದಲ್ಲಿ.